ಎರಡು ಗುಂಟೆ ಕೆಂಪು ಮಣ್ಣಿಗೆ ಸೊಪ್ಪು ಎಲ್ಲಿಂದ ತರುವುದು?

ಪ್ರಶ್ನೆ: ತುಮಕೂರಿನ ಹೊರವಲಯದಲ್ಲಿ ಮನೆ ಕಟ್ಟಿದ್ದೇವೆ. ಮನೆ ಹಿಂದೆ ಎರಡು ಗುಂಟೆಯಷ್ಟು ಜಾಗ ಇದೆ. ಪಾಯ ತೆಗೆದಾಗ ಬಂದ ಕೆಂಪು ಮಣ್ಣನ್ನೆಲ್ಲ ಅಲ್ಲೇ ಹರಡಿದ್ದರು. ಎರಡು ವರ್ಷ ಕೊಟ್ಟಿಗೆ ಗೊಬ್ಬರ ಹಾಕಿಸಿದೆವು. ಮೊದಲ ವರ್ಷ ಬದನೆ, ಟೊಮೆಟೊ ಪರವಾಗಿಲ್ಲ ಅನ್ನುವಂತೆ ಬಂದವು. ಈಗ ಮತ್ತೆ ಹಳೆಯ ಕಥೆ. ಮಳೆ ಬಂದರೆ ನೀರು ನಿಲ್ಲುತ್ತದೆ, ಬಿಸಿಲು ಬಂದರೆ ಗುದ್ದಲಿ ಇಳಿಯುವುದಿಲ್ಲ. ಒಬ್ಬರು ಸೆಣಬು ಬಿತ್ತಿ ಅಂದರು, ಇನ್ನೊಬ್ಬರು ಹುಲ್ಲು, ಎಲೆ ಹೊದಿಸಿ ಅಂದರು. ಹೊದಿಸಿದರೆ ಗೆದ್ದಲು, ಹಾವು ಬರುತ್ತವೆ ಅಂತ ಮನೆಯಲ್ಲಿ ಹೆದರಿಕೆ. ಯಾವುದು ಸರಿ? ಯಾವಾಗ, ಹೇಗೆ ಶುರು ಮಾಡಬೇಕು? ಗೊಬ್ಬರ ಕೊಳ್ಳುವುದನ್ನು ನಿಲ್ಲಿಸಬಹುದಾ?

ಉತ್ತರ: ನಿಮಗೆ ಎರಡೂ ಬೇಕು. ಆದರೆ ಸೆಣಬು ಮೊದಲು, ಹೊದಿಕೆ ಆಮೇಲೆ. ಇಲ್ಲಿ ಸೆಣಬು ಅಂದರೆ ಗೋಣಿಚೀಲದ ಸೆಣಬಲ್ಲ, ಹಸಿರೆಲೆ ಗೊಬ್ಬರಕ್ಕೆ ಬಿತ್ತುವ ಹಳದಿ ಹೂವಿನ ಸೆಣಬು (ಸನ್‌ಹೆಂಪ್). ಹೊದಿಸಲು ಬೇಕಾಗುವಷ್ಟು ಸೊಪ್ಪನ್ನು ಹೊರಗಿನಿಂದ ತಂದು ಪೂರೈಸುವುದು ಆಗದ ಮಾತು. ಅದನ್ನು ಆ ಜಾಗದಲ್ಲೇ ಬೆಳೆದುಕೊಳ್ಳಬೇಕು.

ಒಮ್ಮೆ ಲೆಕ್ಕ ಹಾಕಿ ನೋಡಿ. ಒಂದು ಗುಂಟೆ ಅಂದರೆ 1089 ಚದರ ಅಡಿ. ಮೂರು ಇಂಚು ದಪ್ಪ ಹೊದಿಕೆ ಹಾಕಲು ಸುಮಾರು 270 ಘನ ಅಡಿ ಎಲೆ, ಹುಲ್ಲು ಬೇಕು. ಟ್ರಾಕ್ಟರಿನ ಒಂದು ಲೋಡು 100 ಘನ ಅಡಿ ಅಂತ ಹಿಡಿದರೆ ನಿಮ್ಮ ಎರಡು ಗುಂಟೆಗೆ ಐದಾರು ಲೋಡು. ಮಳೆಗಾಲ ಮುಗಿಯುವಷ್ಟರಲ್ಲಿ ಅದರಲ್ಲಿ ಬಹುಪಾಲು ಕರಗಿಹೋಗಿರುತ್ತದೆ. ಮತ್ತೆ ತರಬೇಕು. ಶಿರಸಿ ಕಡೆಯ ಅಡಿಕೆ ತೋಟದವರಿಗೆ ಈ ಲೆಕ್ಕ ಹಿಂದಿನಿಂದ ಗೊತ್ತು. ಅಲ್ಲಿ ಬ್ರಿಟಿಷರ ಕಾಲದಲ್ಲೇ ಒಂದು ಎಕರೆ ತೋಟಕ್ಕೆ 9 ಎಕರೆವರೆಗೆ ಸೊಪ್ಪಿನ ಬೆಟ್ಟ ಬಿಟ್ಟುಕೊಟ್ಟಿದ್ದರು. ಅಷ್ಟು ಕಾಡಿನ ಸೊಪ್ಪು, ದರಕು (ತರಗೆಲೆ) ಬಂದು ಬಿದ್ದರೆ ಮಾತ್ರ ಆ ಒಂದು ಎಕರೆ ತೋಟ ತಂಪಾಗಿರುತ್ತಿತ್ತು. ನಿಮಗೆ ಬೆಟ್ಟ ಇಲ್ಲ. ಹಾಗಾಗಿ ಸೆಣಬು, ಅಲಸಂದೆ, ಹುರುಳಿಗಳೇ ನಿಮ್ಮ ಬೆಟ್ಟ.

ನೀವು ಹಾಕಿಸಿದ ಗೊಬ್ಬರ ಎಲ್ಲಿ ಹೋಯಿತು? ಸೂಕ್ಷ್ಮಜೀವಿಗಳು ತಿಂದು ಮುಗಿಸಿದವು. ಅದರಲ್ಲಿ ತಪ್ಪೇನೂ ಇಲ್ಲ, ಅವು ತಿಂದರೇ ಗಿಡಕ್ಕೆ ಊಟ. ಆದರೆ ನಮ್ಮ ಬಯಲುಸೀಮೆಯ ಬೇಸಿಗೆಯಲ್ಲಿ ಬರಿ ನೆಲದ ಮೇಲ್ಮೈ 50 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ನೆಲದ ಬಿಸಿ 10 ಡಿಗ್ರಿ ಏರಿದರೆ, ತೇವವೂ ಇದ್ದಾಗ, ಕೊಳೆಯುವ ವೇಗ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ಗುದ್ದಲಿಯಿಂದ ಆಗಾಗ ಅಗೆದು ಮಗುಚಿದರೆ ಗಾಳಿಯೂ ಸಿಕ್ಕಿ ಇನ್ನೂ ಬೇಗ. ತಂಪು ದೇಶಗಳಲ್ಲಿ ವರ್ಷಗಟ್ಟಲೆ ಉಳಿಯುವ ಸಾವಯವ ಅಂಶ ನಮ್ಮಲ್ಲಿ ಎರಡು ಬೇಸಿಗೆ ಕಾಣುವುದೇ ಕಷ್ಟ. ಅದಕ್ಕೇ ಹೇಳುತ್ತೇನೆ: ಒಂದೇ ಸಲ ರಾಶಿ ಗೊಬ್ಬರ ಸುರಿಯುವುದಕ್ಕಿಂತ ವರ್ಷವಿಡೀ ನೆಲದ ಮೇಲೆ ಏನಾದರೂ ಹಾಸಿರುವುದು, ನೆಲದೊಳಗೆ ಏನಾದರೂ ಬೇರು ಜೀವಂತ ಇರುವುದು ಮುಖ್ಯ.

ನಿಮ್ಮ ಮಣ್ಣಿಗೆ ಇನ್ನೊಂದು ಕಷ್ಟ ಇದೆ. ಪಾಯದಿಂದ ಬಂದದ್ದು ಕೆಳಮಣ್ಣು. ನಾಲ್ಕಾರು ಅಡಿ ಆಳದಲ್ಲಿ ಎಲೆ, ಬೇರು, ಹುಳ ಯಾವುದರ ಸಂಪರ್ಕವೂ ಹೆಚ್ಚಿಗೆ ಇಲ್ಲದೆ ಇದ್ದ ಮಣ್ಣು. ಅದು ಈಗ ಮೇಲೆ ಕೂತಿದೆ, ಒಳ್ಳೆಯ ಮೇಲ್ಮಣ್ಣು ಅಡಿಗೆ ಸೇರಿದೆ. ಇಂಥ ಮಣ್ಣಿನ ಮೇಲೆ ಮಳೆ ಹನಿ ಬಿದ್ದರೆ ಹೆಂಟೆ ಒಡೆದು ನುಣ್ಣಗಾಗುತ್ತದೆ. ಆ ನುಣುಪು ಮಣ್ಣು ಸಣ್ಣ ಸಣ್ಣ ಸಂದುಗಳಲ್ಲಿ ತುಂಬಿಕೊಳ್ಳುತ್ತದೆ. ಬಿಸಿಲಿಗೆ ಒಣಗಿದಾಗ ಹಕ್ಕಳೆ ಕಟ್ಟುತ್ತದೆ. ಮುಂದಿನ ಮಳೆಯ ನೀರಿಗೆ ಒಳಗೆ ಹೋಗಲು ದಾರಿಯೇ ಇಲ್ಲ, ನಿಲ್ಲುತ್ತದೆ ಇಲ್ಲವೇ ಹರಿದುಹೋಗುತ್ತದೆ.

ಇದನ್ನು ಕಣ್ಣಾರೆ ನೋಡಲು ಸುಲಭದ ಪರೀಕ್ಷೆ ಇದೆ. ನಿಮ್ಮ ತೋಟದಿಂದ ನಿಂಬೆ ಗಾತ್ರದ ಒಣ ಹೆಂಟೆ ಒಂದು ತನ್ನಿ. ಹತ್ತಿರದ ಹಳೆಯ ಹೊಂಗೆ ಮರದ ಬುಡದಿಂದ ಅಷ್ಟೇ ದೊಡ್ಡದು ಇನ್ನೊಂದು. ಎರಡು ಗಾಜಿನ ಲೋಟದಲ್ಲಿ ನೀರು ತುಂಬಿ ಮೆಲ್ಲಗೆ ಬಿಡಿ. ನಿಮ್ಮ ತೋಟದ ಹೆಂಟೆ ಕೆಲವೇ ನಿಮಿಷದಲ್ಲಿ ಕುಸಿದು ನೀರು ರಾಡಿಯಾಗುತ್ತದೆ. ಮರದ ಬುಡದ್ದು ಬಹಳ ಹೊತ್ತು ಹಾಗೇ ನಿಲ್ಲುತ್ತದೆ. ಎರಡೂ ಕೆಂಪು ಮಣ್ಣೇ ಅಲ್ವಾ? ಹಾಗಾದರೆ ವ್ಯತ್ಯಾಸ ಎಲ್ಲಿಂದ ಬಂತು? ಜೀವಂತ ಬೇರು ತಾನು ಮಾಡಿದ ಸಕ್ಕರೆಯಲ್ಲಿ ಒಂದು ಪಾಲನ್ನು ಮಣ್ಣಿಗೆ ಒಸರುತ್ತದೆ. ಅದನ್ನು ತಿನ್ನುವ ಬ್ಯಾಕ್ಟೀರಿಯಾಗಳು ಅಂಟು ಬಿಡುತ್ತವೆ. ಶಿಲೀಂಧ್ರದ ಎಳೆಗಳು ಮಣ್ಣಿನ ಕಣಗಳನ್ನು ಸುತ್ತಿ ಹಿಡಿಯುತ್ತವೆ. ಎರೆಹುಳ ತಿಂದು ಹಿಕ್ಕೆ ಹಾಕುತ್ತದೆ. ಹೀಗೆ ಕಟ್ಟಿದ ಹರಳು ನೀರಿಗೆ ಸುಲಭವಾಗಿ ಕರಗುವುದಿಲ್ಲ. ಈ ಕೆಲಸ ಗೊಬ್ಬರ ಒಂದರಿಂದಲೇ ಆಗುವುದಿಲ್ಲ, ಬೇರು ಬೇಕು. ಹೊದಿಕೆಯ ಜೊತೆ ಬೆಳೆಯೂ ಬೇಕು ಅಂತ ಒತ್ತಿ ಹೇಳುವುದು ಇದಕ್ಕೇ.

ಈಗ ಕೆಲಸಕ್ಕೆ ಬರೋಣ.

ಒಂದೇ ಒಂದು ಸಲ ಆಳವಾಗಿ ಅಗೆಯಿರಿ. ಭರಣಿ ಅಥವಾ ಕೃತ್ತಿಕೆ ಮಳೆ ಬಂದು, ಅಂದರೆ ಏಪ್ರಿಲ್ ಕೊನೆಯಿಂದ ಮೇ ತಿಂಗಳ ಒಳಗೆ, ಮಣ್ಣು ಹದಕ್ಕೆ ಬಂದಾಗ ಮಾಡಬೇಕು. ಹಿಡಿ ಮಣ್ಣು ಹಿಸುಕಿದರೆ ಉಂಡೆಯಾಗಬೇಕು, ಬೆರಳಿಂದ ತಟ್ಟಿದರೆ ಉದುರಬೇಕು. ಒದ್ದೆ ಇರುವಾಗ ತುಳಿದರೆ, ಅಗೆದರೆ ಇನ್ನಷ್ಟು ಗಟ್ಟಿಯಾಗುತ್ತದೆ. ಪಿಕಾಸಿಯಿಂದ ಒಂದು ಅಡಿ ಸಡಿಲ ಮಾಡಿ. ಇಟ್ಟಿಗೆ ಚೂರು, ಸಿಮೆಂಟ್ ಗಟ್ಟಿ, ಪ್ಲಾಸ್ಟಿಕ್ ಆರಿಸಿ ಹೊರಗೆ ಹಾಕಿ. ಸಿಮೆಂಟಿನ ಸುಣ್ಣ ಮಣ್ಣನ್ನು ಕ್ಷಾರ ಮಾಡುತ್ತದೆ, ಆಗ ಕಬ್ಬಿಣ, ಸತುವಿನಂಥ ಪೋಷಕಾಂಶ ಗಿಡಕ್ಕೆ ಸಿಗುವುದು ಕಷ್ಟ. ಜೇಕು, ಗರಿಕೆ ಇದ್ದರೆ ಗಡ್ಡೆ, ಬೇರು ಸಮೇತ ಕೀಳಲು ಇದೇ ಸಮಯ. ಹೊದಿಕೆ ಉಳಿದ ಕಳೆಯನ್ನು ಅಡಗಿಸುತ್ತದೆ, ಜೇಕನ್ನು ಮಾತ್ರ ಅಡಗಿಸುವುದಿಲ್ಲ. ಚೂಪು ಮೊಳಕೆ ಎಲೆಯನ್ನೇ ತೂರಿಕೊಂಡು ಮೇಲೆ ಬರುತ್ತದೆ.

ಇದಾದ ಮೇಲೆ ಪೂರ್ತಿ ಅಗೆತ ಬೇಡ. ಆಳಕ್ಕೆ ಇಳಿಯುವ ಕೆಲಸವನ್ನು ಸೆಣಬಿನ ತಾಯಿಬೇರಿಗೆ ಬಿಡಿ.

ಜಾಗವನ್ನು ಎರಡು ಭಾಗ ಮಾಡಿಕೊಳ್ಳಿ. ಒಂದು ಗುಂಟೆಯಲ್ಲಿ ಈ ಮುಂಗಾರಿಗೆ ಬರಿ ಹೊದಿಕೆ ಬೆಳೆ, ಅಂದರೆ ಕೊಯ್ದು ಅಲ್ಲೇ ನೆಲಕ್ಕೆ ಹಾಸಲು ಬೆಳೆಯುವ ಬೆಳೆ. ಇನ್ನೊಂದರಲ್ಲಿ ಈಗಿನಂತೆ ತರಕಾರಿ ಮಾಡಿ. ಮುಂದಿನ ವರ್ಷ ಅದಲು ಬದಲು. ಎರಡನ್ನೂ ಒಟ್ಟಿಗೆ ಖಾಲಿ ಬಿಟ್ಟರೆ ಮನೆಯವರ ಉತ್ಸಾಹ ಇಳಿದುಹೋಗುತ್ತದೆ. ಅಡುಗೆಮನೆಗೆ ಏನಾದರೂ ಬರುತ್ತಿದ್ದರೆ ತೋಟದ ಕೆಲಸ ನಿಲ್ಲುವುದಿಲ್ಲ.

ಒಂದು ಗುಂಟೆಗೆ ಸೆಣಬು 300 ಗ್ರಾಂ, ಅಲಸಂದೆ 200 ಗ್ರಾಂ, ಜೊತೆಗೆ ಒಂದು ಹಿಡಿ ಸಜ್ಜೆ ಸಾಕು. ಸಜ್ಜೆ ಯಾಕೆ ಅಂತ ಕೇಳಬಹುದು. ಸೆಣಬು ಕೆಳಕ್ಕೆ ಇಳಿಯುತ್ತದೆ, ಅಲಸಂದೆ ನೆಲ ಮುಚ್ಚುತ್ತದೆ, ಇವೆರಡೂ ಗಾಳಿಯ ಸಾರಜನಕ ಹಿಡಿಯುತ್ತವೆ. ಆದರೆ ಮೇಲಿನ ಅರ್ಧ ಅಡಿ ಮಣ್ಣನ್ನು ಹರಳು ಹರಳಾಗಿ ಕಟ್ಟುವುದರಲ್ಲಿ ಸಜ್ಜೆ, ರಾಗಿ, ಜೋಳದ ಜಡೆಬೇರನ್ನು ಮೀರಿಸಿದ್ದು ಇಲ್ಲ. ರಾಗಿ ಹೊಲದಲ್ಲಿ ಅಕ್ಕಡಿ ಸಾಲಿಗೆ ಅವರೆ, ತೊಗರಿ ಹಾಕುವ ನಮ್ಮ ಹಿರಿಯರ ಬೇಸಾಯದಲ್ಲೂ ಇದೇ ಜೋಡಿ ಇದೆ. ನಿಮ್ಮ ಪಕ್ಕದ ಅನಂತಪುರ ಜಿಲ್ಲೆಯ ರೈತರು ಈಗ ಮಳೆಗೆ ಮುಂಚೆಯೇ ಹತ್ತಕ್ಕೂ ಹೆಚ್ಚು ಬಗೆಯ ಬೀಜಕ್ಕೆ ಮಣ್ಣು, ಬೂದಿ ಲೇಪಿಸಿ ಒಣನೆಲಕ್ಕೇ ಬಿತ್ತಿ ಹುಲ್ಲು ಹೊದಿಸುತ್ತಿದ್ದಾರೆ. ನೀವು ಅಷ್ಟೆಲ್ಲ ಹುಡುಕಬೇಕಿಲ್ಲ, ಮೂರು ಬಗೆ ಸಾಕು.

ನೀರು ನಿಲ್ಲುವ ತಗ್ಗು ಮೂಲೆ ಇದ್ದರೆ ಅಲ್ಲಿಗೆ ಮಾತ್ರ ಸೆಣಬಿನ ಬದಲು ಡಯಾಂಚ ಅನ್ನುವ ಇನ್ನೊಂದು ಹಸಿರೆಲೆ ಗೊಬ್ಬರದ ಬೆಳೆ ಹಾಕಿ. ಸೆಣಬಿಗೆ ನಿಂತ ನೀರು ಆಗದು, ಡಯಾಂಚ ತಡೆಯುತ್ತದೆ. ಕ್ಷಾರ ಇರುವ ಮಣ್ಣನ್ನೂ ತಾಳಿಕೊಳ್ಳುತ್ತದೆ.

ಸೆಣಬು, ಡಯಾಂಚ ಬೀಜಕ್ಕೆ ರೈತ ಸಂಪರ್ಕ ಕೇಂದ್ರದಲ್ಲಿ ಮೇ ತಿಂಗಳಿಗೆ ಮುಂಚೆಯೇ ವಿಚಾರಿಸಿ, ಬಿತ್ತನೆ ಬೀಜದ ಅಂಗಡಿಗಳಲ್ಲೂ ಕೇಳಿ. ಅಲಸಂದೆ, ಹುರುಳಿ, ಸಜ್ಜೆಗೆ ದಿನಸಿ ಅಂಗಡಿ ಸಾಕು. ಆದರೆ 20 ಕಾಳನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು ನೋಡಿ. ಮೂರು ನಾಲ್ಕು ದಿನದಲ್ಲಿ 15ಕ್ಕಿಂತ ಕಡಿಮೆ ಮೊಳಕೆ ಬಂದರೆ ಬೇರೆ ಅಂಗಡಿ ನೋಡಿ.

ಪಾಯದ ಮಣ್ಣಿನಲ್ಲಿ ಸಾರಜನಕ ಹಿಡಿಯುವ ಬ್ಯಾಕ್ಟೀರಿಯಾ ತೀರಾ ಕಡಿಮೆ ಇರಬಹುದು. ಪರಿಹಾರ ಕಷ್ಟದ್ದಲ್ಲ. ಅಲಸಂದೆ ಅಥವಾ ಹುರುಳಿ ಬೆಳೆದ ಹೊಲದಿಂದ ಒಂದು ಮಂಕರಿ ಮಣ್ಣು ಕೇಳಿ ತಂದು ಎರಚಿ. ಅಲಸಂದೆ, ಹುರುಳಿ, ಹೆಸರು, ಸೆಣಬು ಇವೆಲ್ಲದರ ಬೇರಿಗೂ ಒಂದೇ ಬಳಗದ ಬ್ಯಾಕ್ಟೀರಿಯಾ ಸಾಕು. ಇಲ್ಲವಾದರೆ ರೈಜೋಬಿಯಂ ಪೊಟ್ಟಣ ತಂದು ಬೆಲ್ಲದ ನೀರಲ್ಲಿ ಕಲಸಿ, ಬೀಜಕ್ಕೆ ಹಚ್ಚಿ, ನೆರಳಲ್ಲಿ ಆರಿಸಿ ಅದೇ ದಿನ ಬಿತ್ತಿ. ತಿಂಗಳಾದ ಮೇಲೆ ಒಂದು ಅಲಸಂದೆ ಗಿಡವನ್ನು ಮಣ್ಣು ಸಮೇತ ಮೆಲ್ಲಗೆ ಎತ್ತಿ ಬೇರಿನ ಗಂಟನ್ನು ಉಗುರಿಂದ ಸೀಳಿ ನೋಡಿ. ಒಳಗೆ ಗುಲಾಬಿ ಕೆಂಪು ಇದ್ದರೆ ಕೆಲಸ ನಡೆಯುತ್ತಿದೆ. ಬಿಳಿ ಅಥವಾ ಹಸಿರು ಇದ್ದರೆ ನಡೆಯುತ್ತಿಲ್ಲ. ಮಕ್ಕಳಿದ್ದರೆ ಅವರನ್ನೂ ಕರೆದು ತೋರಿಸಿ, ಖುಷಿಪಡುತ್ತಾರೆ.

ಬೀಜವನ್ನು ಕೈಯಿಂದ ಚೆಲ್ಲಿ ಮುಳ್ಳಿನ ಕೊಂಬೆ ಎಳೆದರೆ ಸಾಕು, ಮಣ್ಣು ಮುಚ್ಚಿಕೊಳ್ಳುತ್ತದೆ. ಮಳೆ ಕೈಕೊಟ್ಟರೆ ಮೊದಲ ಎರಡು ವಾರ ಮಾತ್ರ ನೀರು ಹಾಯಿಸಿ. ದಟ್ಟವಾಗಿ ಬಂದಿದೆ ಅಂತ ಕಿತ್ತು ತೆಳುಮಾಡಬೇಡಿ. ದಟ್ಟ ಇದ್ದರೇ ಕಾಂಡ ಮೆತ್ತಗಿರುತ್ತದೆ, ಕಳೆಗೂ ಬೆಳಕು ಸಿಗುವುದಿಲ್ಲ.

ಕೊಯ್ಯುವ ಸಮಯದಲ್ಲಿ ಹೆಚ್ಚಿನವರು ಎಡವುತ್ತಾರೆ. ಸೆಣಬಿನ ಹಳದಿ ಹೂ ನೋಡಲು ಚಂದ, ಇನ್ನೊಂದು ವಾರ ಇರಲಿ ಅನ್ನಿಸುತ್ತದೆ. ಬಿಡಬೇಡಿ. ಬಿತ್ತಿದ 45ರಿಂದ 50 ದಿನಕ್ಕೆ, ಮೊಗ್ಗು ಒಡೆಯಲು ಶುರುವಾದಾಗ ಕೊಯ್ಯಬೇಕು. ಹಗ್ಗ ಹೊಸೆಯುವ ನಾರು ಬರುವುದು ಇದೇ ಗಿಡದಿಂದ. ಬಲಿತರೆ ಕಾಂಡ ನಾರಾಗಿ ತಿಂಗಳುಗಟ್ಟಲೆ ಕೊಳೆಯುವುದಿಲ್ಲ. ಸಾರಜನಕವೂ ಎಲೆಯಿಂದ ಕಾಳಿಗೆ ಹೊರಟುಹೋಗುತ್ತದೆ. ಕುಡುಗೋಲಿನಿಂದ ನೆಲಮಟ್ಟಕ್ಕೆ ಕೊಯ್ಯಿರಿ, ಕೀಳಬೇಡಿ. ಬೇರು ಅಲ್ಲೇ ಕೊಳೆತು ನೀರಿಗೂ ಗಾಳಿಗೂ ಕೊಳವೆಯಾಗುತ್ತದೆ. ಚೆನ್ನಾಗಿ ಬಂದ ಬೆಳೆಯಿಂದ ಗುಂಟೆಗೆ 100ರಿಂದ 200 ಕೆಜಿ ಹಸಿ ಸೊಪ್ಪು ಸಿಗುತ್ತದೆ.

ಇದನ್ನು ಮಣ್ಣಿಗೆ ಸೇರಿಸಿ ಅಗೆಯಬೇಕಾ, ಮೇಲೇ ಬಿಡಬೇಕಾ? ಗದ್ದೆಯಲ್ಲಿ ಉಳುಮೆ ಮಾಡಿ ಸೇರಿಸುವುದು ರೂಢಿ. ಹಿತ್ತಲಿಗೆ ನಾನು ಮೇಲೇ ಬಿಡಿ ಅನ್ನುತ್ತೇನೆ. ಒಳಗೆ ಸೇರಿಸಿದರೆ ಸಾರಜನಕ ಬೇಗ ಸಿಗುತ್ತದೆ, ನಿಜ. ಆದರೆ ಹಸಿ ಸೊಪ್ಪು ಕೊಳೆಯುವಾಗ ಎಳೆ ಸಸಿಗಳ ಬುಡ ಕೊಳೆಯುವ ರೋಗ ಬರಬಹುದು, ಎರಡು ಮೂರು ವಾರ ಕಾಯಬೇಕು. ಅದಕ್ಕಿಂತ ಮುಖ್ಯವಾಗಿ, ಅಗೆದರೆ ನೆಲ ಮತ್ತೆ ಬರಿಯಾಗುತ್ತದೆ, ಆಗಸ್ಟ್, ಸೆಪ್ಟೆಂಬರಿನ ಜೋರು ಮಳೆಗೆ ಮತ್ತೆ ಹಕ್ಕಳೆ. ಒಂದು ಅಡಿ ಉದ್ದಕ್ಕೆ ಕತ್ತರಿಸಿ ಹಾಸಿಬಿಡಿ. ವಾರ ಹತ್ತು ದಿನದಲ್ಲಿ ಬಾಡಿ ಕೂತ ಮೇಲೆ, ಕೈಯಿಂದ ಸರಿಸಿ ಗುಣಿ ಮಾಡಿ, ಹಿಡಿ ಗೊಬ್ಬರ ಹಾಕಿ ಬದನೆ, ಟೊಮೆಟೊ, ಮೆಣಸಿನ ಸಸಿ ನೆಡಿ. ಜುಲೈ ಹೊತ್ತಿಗೆ ಸಸಿ ತಯಾರಿರಬೇಕು ಅಂದರೆ ಜೂನ್ ಮೊದಲಲ್ಲೇ ಒಟ್ಟಲು ಹಾಕಿಕೊಳ್ಳಿ.

ಹಸಿ ಸೊಪ್ಪು ತಿಂಗಳಲ್ಲಿ ತೆಳುವಾಗುತ್ತದೆ. ಆಗ ಒಣ ಹೊದಿಕೆ ಬೇಕು. ನಿಮ್ಮದು ತೆಂಗಿನ ಸೀಮೆ, ಗರಿ ಧಾರಾಳ. ಚಿಕ್ಕದಾಗಿ ಕೊಚ್ಚಿ ಹಾಕಿ. ತೆಂಗಿನ ಮಟ್ಟೆಯನ್ನು ಗಿಡಗಳ ಸಾಲಿನ ನಡುವೆ ಹಾಸಿದರೆ ನೀರು ಹಿಡಿದಿಡುತ್ತದೆ. ಮಾವು, ಹಲಸು, ಹೊಂಗೆಯ ತರಗೆಲೆ ಎಲ್ಲ ಆಗುತ್ತದೆ. ಬೀದಿಯಲ್ಲಿ ಎಲೆ ಗುಡಿಸಿ ಬೆಂಕಿ ಹಾಕುವುದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ಒಂದು ಚೀಲ ಕೊಟ್ಟು ತುಂಬಿಸಿಕೊಡಿ ಅಂತ ಕೇಳಿ, ಪ್ಲಾಸ್ಟಿಕ್ ಆರಿಸಿ ಬಳಸಿ. ರಾಗಿ ಹುಲ್ಲನ್ನು ಮಾತ್ರ ಹೊದಿಕೆಗೆ ಕೊಳ್ಳಬೇಡಿ, ಅದು ದನದ ಮೇವು. ಕಾಂಗ್ರೆಸ್ ಗಿಡವನ್ನು ಹೂ ಬಿಡುವ ಮುಂಚೆ ಕೊಯ್ದು ಬಳಸಬಹುದು. ಕೈಗವಸು ಹಾಕಿಕೊಳ್ಳಿ, ಕೆಲವರಿಗೆ ಅದು ತಾಕಿದರೆ ಮೈ ತುರಿಕೆ, ಉಬ್ಬಸ ಬರುತ್ತದೆ. ಪ್ಲಾಸ್ಟಿಕ್ ಹಾಳೆ ಕಳೆ ತಡೆಯುತ್ತದೆ, ನೀರು ಉಳಿಸುತ್ತದೆ. ಮಣ್ಣಿಗೆ ಊಟ ಕೊಡುವುದಿಲ್ಲ, ಹರಿದು ಚೂರಾದ ಮೇಲೆ ಆರಿಸಲೂ ಆಗುವುದಿಲ್ಲ. ನಿಮ್ಮ ಜಾಗಕ್ಕೆ ಬೇಡ.

ಒಣ ಎಲೆ, ಹುಲ್ಲು ಮೇಲೆ ಇರಬೇಕು, ಮಣ್ಣಿನೊಳಗೆ ಬೆರೆಸಬಾರದು. ಭತ್ತದ ಹುಲ್ಲಿನಲ್ಲಿ ಒಂದು ಪಾಲು ಸಾರಜನಕಕ್ಕೆ 70, 80 ಪಾಲು ಇಂಗಾಲ ಇರುತ್ತದೆ. ಅದನ್ನು ಕೊಳೆಸುವ ಜೀವಿಗಳಿಗೆ ಬೇಕಾದ್ದು ಸುಮಾರು 25ಕ್ಕೆ ಒಂದು. ಒಳಗೆ ಬೆರೆಸಿದರೆ ಕೊರತೆಯ ಸಾರಜನಕವನ್ನು ಅವು ಮಣ್ಣಿನಿಂದಲೇ ಎಳೆದುಕೊಳ್ಳುತ್ತವೆ, ಗಿಡ ಹಳದಿಯಾಗುತ್ತದೆ. ಮೇಲೆ ಹಾಸಿದಾಗ ಈ ತೊಂದರೆ ತೀರಾ ಕಡಿಮೆ. ಎಲೆ ಹಳದಿಯಾಗಿದ್ದು ಕಂಡರೆ ಸಗಣಿ ಬಗ್ಗಡ ಅಥವಾ ನೆನೆಸಿದ ಹೊಂಗೆ ಹಿಂಡಿಯ ತಿಳಿ ಕೊಡಿ.

ಇನ್ನೊಂದು ಮಾತು. ಮೊದಲು ನೀರು, ಆಮೇಲೆ ಹೊದಿಕೆ. ಒಣನೆಲದ ಮೇಲೆ ದಪ್ಪಗೆ ಹೊದಿಸಿದರೆ ಸಣ್ಣ ಮಳೆಯ ನೀರೆಲ್ಲ ಎಲೆಯೇ ಹೀರಿಕೊಂಡು ಆವಿಯಾಗುತ್ತದೆ, ಕೆಳಗೆ ಒಣಗಿಯೇ ಇರುತ್ತದೆ. ಗಿಡದ ಕಾಂಡದಿಂದ ಮೂರು ಇಂಚು ಜಾಗ ಬಿಡಿ. ಸೊಪ್ಪು, ಮೂಲಂಗಿ, ಬೀನ್ಸಿನಂತೆ ನೇರ ಬಿತ್ತುವ ಮಡಿಗಳಲ್ಲಿ ಮೊಳಕೆ ಗೇಣುದ್ದ ಬರುವ ತನಕ ಹೊದಿಸಬೇಡಿ.

ಮನೆಯವರ ಹೆದರಿಕೆಯನ್ನು ಹಗುರಾಗಿ ತೆಗೆದುಕೊಳ್ಳುವಂತಿಲ್ಲ. ಹಾವು ಬರುವುದು ಇಲಿ, ಕಪ್ಪೆ ಹುಡುಕಿಕೊಂಡು. ರಾಶಿ ಹಾಕಿದ ಗರಿ, ಇಟ್ಟಿಗೆ, ಸೌದೆಯಲ್ಲಿ ಇಲಿ ಬಿಲ ಮಾಡುತ್ತದೆ. ಮೂರು ಇಂಚಿನ ಹರಡಿದ ಹೊದಿಕೆಯಲ್ಲಿ ಅದು ಕಡಿಮೆ. ಹಾಗಾಗಿ ರಾಶಿ ಬೇಡ, ತಂದದ್ದನ್ನು ಅದೇ ದಿನ ಹರಡಿ. ಹಿಂಬಾಗಿಲಿನಿಂದ ನಾಲ್ಕೈದು ಅಡಿ, ನಡೆದಾಡುವ ದಾರಿ ಪೂರ್ತಿ, ಬರಿದಾಗಿ ಇರಲಿ. ಸೆಣಬು ಎದೆಮಟ್ಟ ಬೆಳೆಯುವುದರಿಂದ ಅದನ್ನೂ ಮನೆಯಿಂದ ದೂರದ ಕಡೆಗೇ ಬಿತ್ತಿ. ಹೊದಿಕೆ ಸರಿಸುವಾಗ ಮೊದಲು ಕೋಲು, ಆಮೇಲೆ ಕೈ. ಸಂಜೆ ಮೇಲೆ ಟಾರ್ಚ್ ಇಲ್ಲದೆ ಹೋಗಬೇಡಿ.

ಗೆದ್ದಲು ಒಣ ಹೊದಿಕೆಗೆ ಬಂದೇ ಬರುತ್ತದೆ. ಅದು ತಿನ್ನುವುದು ಹೆಚ್ಚಾಗಿ ಸತ್ತದ್ದನ್ನು. ತೇವ ಇರುವ ಮಡಿಯಲ್ಲಿ ಗಟ್ಟಿಯಾಗಿ ಬೆಳೆಯುತ್ತಿರುವ ಗಿಡಕ್ಕೆ ಸಾಮಾನ್ಯವಾಗಿ ತೊಂದರೆ ಮಾಡುವುದಿಲ್ಲ. ನೀರಿಲ್ಲದೆ ಸೊರಗಿದ ಎಳೆ ಸಸಿಗೆ ಮಾಡಬಹುದು. ಮನೆಯ ಗೋಡೆಯಿಂದ ಎರಡು ಅಡಿ ದೂರದವರೆಗೆ ಹೊದಿಕೆ ಬೇಡ. ನನ್ನನ್ನು ಕೇಳಿದರೆ ಗೆದ್ದಲಿಗಿಂತ ಹೆಚ್ಚು ಗಮನ ಕೊಡಬೇಕಾದ್ದು ಮಳೆಗಾಲದ ದೊಡ್ಡ ಬಸವನಹುಳುವಿಗೆ. ಹಗಲೆಲ್ಲ ಹೊದಿಕೆಯಡಿ ಅಡಗಿ ರಾತ್ರಿ ಸಸಿ ಮೇಯುತ್ತದೆ. ಸಂಜೆ ಒದ್ದೆ ಗೋಣಿಚೀಲದ ಮೇಲೆ ಪಪ್ಪಾಯಿ ಎಲೆ, ಕೋಸಿನ ಸಿಪ್ಪೆ ಇಟ್ಟರೆ ಅಲ್ಲಿ ಸೇರುತ್ತವೆ. ಬೆಳಗಿನ ಜಾವ ಕೈಗವಸು ಹಾಕಿ ಆರಿಸಿ ಉಪ್ಪುನೀರಿನ ಬಕೆಟ್ಟಿಗೆ ಹಾಕಿ. ಉಪ್ಪನ್ನು ಮಣ್ಣಿಗೆ ಎರಚಬೇಡಿ, ಆ ನೀರನ್ನೂ ತೋಟಕ್ಕೆ ಚೆಲ್ಲಬೇಡಿ. ಕಾಟ ಜಾಸ್ತಿ ಇದ್ದರೆ ಆ ಒಂದು ತಿಂಗಳು ಹೊದಿಕೆಯನ್ನು ಸಸಿಯಿಂದ ಒಂದು ಅಡಿ ಹಿಂದೆ ಸರಿಸಿ.

ಹುಬ್ಬ, ಉತ್ತರೆ ಮಳೆಯಲ್ಲಿ, ಅಂದರೆ ಸೆಪ್ಟೆಂಬರಿನಲ್ಲಿ, ಖಾಲಿ ಆದ ಜಾಗಕ್ಕೆಲ್ಲ ಹುರುಳಿ ಚೆಲ್ಲಿ. ಗುಂಟೆಗೆ 300 ಗ್ರಾಂ. ಬಯಲುಸೀಮೆಗೆ ಹುರುಳಿಯಷ್ಟು ನಂಬಿಕಸ್ಥ ಬೆಳೆ ನನಗೆ ಗೊತ್ತಿಲ್ಲ. ಹಿಂಗಾರು ಕೈಕೊಟ್ಟರೂ ಅಷ್ಟಿಷ್ಟು ತೇವದಲ್ಲೇ ಹಬ್ಬಿ ಚಳಿಗಾಲ ಪೂರ್ತಿ ನೆಲ ಮುಚ್ಚಿರುತ್ತದೆ. ಅರ್ಧ ಸಾರಿಗೆ ಬಿಟ್ಟುಕೊಂಡು ಅರ್ಧ ಹೂವಿನಲ್ಲೇ ಕೊಯ್ದು ಹಾಸಿದರೂ ಆಯಿತು. ಫೆಬ್ರವರಿಯಿಂದ ಮೇವರೆಗೆ ನೀರು ಇಲ್ಲದ ಮಡಿಗಳು ದಪ್ಪ ಒಣ ಹೊದಿಕೆಯ ಅಡಿ ಮಲಗಿರಲಿ.

ಬೇಲಿಯನ್ನೂ ಬಿಡಬೇಡಿ. ಗೊಬ್ಬರದ ಗಿಡದ, ಅಂದರೆ ಗ್ಲಿರಿಸಿಡಿಯಾದ, ಹೆಬ್ಬೆರಳು ದಪ್ಪದ ಎರಡು ಮೂರು ಅಡಿ ಕಡ್ಡಿಗಳನ್ನು ಜೂನ್, ಜುಲೈನಲ್ಲಿ ಎರಡು ಬದಿಗೆ, ಎರಡು ಮೂರು ಅಡಿಗೊಂದರಂತೆ ನೆಡಿ. ಎರಡನೆಯ ವರ್ಷದಿಂದ ವರ್ಷಕ್ಕೆ ಎರಡು ಮೂರು ಸಲ ಸವರಬಹುದು. ಎದೆಮಟ್ಟಕ್ಕೇ ಸವರುತ್ತಿದ್ದರೆ ತರಕಾರಿಗೆ ನೆರಳಾಗುವುದಿಲ್ಲ.

ಗೊಬ್ಬರ ನಿಲ್ಲಿಸಬಹುದಾ ಅಂತ ಕೇಳಿದ್ದೀರಿ. ಈಗಲೇ ಬೇಡ, ಕಡಿಮೆ ಮಾಡಿ. ಹೊದಿಕೆ ಬೆಳೆ ಸಾರಜನಕವನ್ನು ಹೊಸದಾಗಿ ತರುತ್ತದೆ. ರಂಜಕ, ಪೊಟ್ಯಾಷ್ ಹಾಗಲ್ಲ, ಮಣ್ಣಲ್ಲಿ ಇದ್ದದ್ದನ್ನೇ ಮೇಲಕ್ಕೆ ತರುತ್ತದೆ. ನೀವು ಕೊಯ್ದು ತಿನ್ನುವ ತರಕಾರಿಯ ಜೊತೆ ಅವು ಹೊರಗೆ ಹೋಗುತ್ತಲೇ ಇರುತ್ತವೆ. ಅಗೆಯುವ ಮುಂಚೆ ಒಮ್ಮೆ ಮಣ್ಣು ಪರೀಕ್ಷೆ ಮಾಡಿಸಿ. ಹಿರೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರ ನಿಮಗೆ ಹತ್ತಿರ, ಅಲ್ಲಿ ವಿಚಾರಿಸಿ. ವರದಿಯಲ್ಲಿ ಸಾವಯವ ಇಂಗಾಲ ನೋಡಿ. ಶೇ 0.5ಕ್ಕಿಂತ ಕೆಳಗಿದ್ದರೆ ಕಡಿಮೆ, 0.75ಕ್ಕಿಂತ ಮೇಲಿದ್ದರೆ ಒಳ್ಳೆಯದು. ರಂಜಕ ಸಾಕಷ್ಟಿದ್ದರೆ ಗೊಬ್ಬರವನ್ನು ಇಡೀ ಜಾಗಕ್ಕೆ ಹರಡದೆ ಗುಣಿಗೆ ಮಾತ್ರ ಹಾಕಿ, ಮೇಲೆ ಎಲೆ ಮುಚ್ಚಿ. ಈಗ ಹಾಕುವುದರ ಅರ್ಧಕ್ಕಿಂತ ಕಡಿಮೆ ಸಾಕಾಗುತ್ತದೆ. ಹಕ್ಕಳೆ ಕಟ್ಟುವುದು, ನೀರು ನಿಲ್ಲುವುದು ಮೊದಲ ವರ್ಷವೇ ಕಡಿಮೆಯಾಗುವುದು ಕಾಣುತ್ತದೆ. ಇಂಗಾಲದ ಅಂಕಿ ಏರಲು ಮಾತ್ರ ಹಲವು ವರ್ಷ ಬೇಕು. ಪರೀಕ್ಷೆಯನ್ನು ಮೂರು ವರ್ಷಕ್ಕೊಮ್ಮೆ, ಅದೇ ಜಾಗದಿಂದ, ಅದೇ ತಿಂಗಳಲ್ಲಿ ಮಣ್ಣು ತೆಗೆದು ಮಾಡಿಸಿ. ಲೋಟದ ಪರೀಕ್ಷೆಯನ್ನು ಪ್ರತಿ ಬೇಸಿಗೆ ಮನೆಯಲ್ಲೇ ಮಾಡಿಕೊಳ್ಳಬಹುದು.